ತೂಕ ಬಂತು, ರೋಗ ಹೋಯಿತೇ?

"ಊಟ ಸೇರುವುದಿಲ್ಲ" ಎಂಬ ದೂರು ನಮ್ಮ ಕಕ್ಕೇರಾ ಭಾಗದ ವೈದ್ಯರಿಗೆ ಹೊಸದೇನಲ್ಲ. ಕಾಮಾಲೆಯಲ್ಲಿ ಊಟ ಸೇರುವುದಿಲ್ಲ, ಟೈಫಾಯಿಡ್‌ನಲ್ಲಿ ಸೇರುವುದಿಲ್ಲ, ಕ್ಷಯದಲ್ಲಿ ಸೇರುವುದಿಲ್ಲ, ಮನಸ್ಸು ಕುಗ್ಗಿದಾಗಲೂ ಸೇರುವುದಿಲ್ಲ. ಇವೆಲ್ಲ ಹಸಿವನ್ನು ಕೊಲ್ಲುವ ಕಾಯಿಲೆಗಳು. ಆದರೆ ಹಸಿವು ಇದ್ದೂ ಅದನ್ನು ಮಣಿಸಿ, ಎದುರಿಗಿಟ್ಟ ತಾಟನ್ನು ದಿನದಿನವೂ ದೂರ ಸರಿಸುವ ಒಂದು ಕಾಯಿಲೆ ಇದೆ. ಅದಕ್ಕೆ ಅನೋರೆಕ್ಸಿಯಾ ನರ್ವೋಸಾ ಎಂದು ಹೆಸರು. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಈ ಹೆಸರಿಟ್ಟ; ಅದೇ ವರ್ಷ ಪ್ಯಾರಿಸ್ಸಿನಲ್ಲಿ ಲಾಸೆಗ್ ಎಂಬ ವೈದ್ಯನೂ ಇದೇ ಕಾಯಿಲೆಯನ್ನು ವರ್ಣಿಸಿದ. ಅನೋರೆಕ್ಸಿಯಾ ಎಂದರೆ ಹಸಿವಿಲ್ಲದಿರುವುದು. ಹೆಸರೇ ತಪ್ಪು. ಈ ರೋಗಿಗಳಲ್ಲಿ ಬಹಳ ಕಾಲ ಹಸಿವು ಇರುತ್ತದೆ, ಸುಡುವಷ್ಟು ಇರುತ್ತದೆ. ತಾನು ತಿನ್ನದಿದ್ದರೂ ಅಡುಗೆಮನೆ ಬಿಟ್ಟು ಕದಲದೆ ಎಲ್ಲರಿಗೂ ರೊಟ್ಟಿ ಬಡಿದು ಒತ್ತಾಯ ಮಾಡಿ ಉಣ್ಣಿಸುವ ಹುಡುಗಿಯನ್ನು ನೀವು ಕಂಡಿದ್ದರೆ, ಅದರ ಹಿಂದೆ ಈ ಹಸಿವು ಇರಬಹುದು.

ಇಷ್ಟು ಹೇಳುತ್ತಲೇ "ಇದು ಬೆಂಗಳೂರು, ಬೊಂಬಾಯಿ ಮಂದಿಯ ರೋಗ, ನಮ್ಮ ಸುರಪುರ ತಾಲೂಕಿಗೆ ಯಾಕೆ ತಂದಿರಿ?" ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿ ನಡೆಸಿದ ಒಂದು ಸಮೀಕ್ಷೆ 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ಊಟದ ಕಾಯಿಲೆಯ ರೋಗಿಯನ್ನು ಒಮ್ಮೆಯಾದರೂ ನೋಡಿದ್ದರು. ಹೆಚ್ಚಿನವಲ್ಲ, ಆದರೆ ಇಲ್ಲವೆನ್ನುವಂತೆಯೂ ಇಲ್ಲ. ಅದಕ್ಕೂ ಮೊದಲು, 1995ರಲ್ಲಿ, ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ವೈದ್ಯರು ಐವರು ಯುವತಿಯರ ಬಗ್ಗೆ ಬರೆದರು. ಅವರು ಊಟ ಬಿಟ್ಟಿದ್ದರು, ವಾಂತಿ ಮಾಡುತ್ತಿದ್ದರು, ತೂಕ ಕಳೆದುಕೊಂಡಿದ್ದರು, ಮುಟ್ಟು ನಿಂತಿತ್ತು. ಆದರೆ ಪಾಶ್ಚಾತ್ಯ ಪುಸ್ತಕಗಳಲ್ಲಿ ಬರೆದಿರುವಂತೆ "ನಾನು ದಪ್ಪ ಇದ್ದೇನೆ" ಎಂಬ ಮಾತು ಅವರಲ್ಲಿ ಎದ್ದು ಕಾಣುತ್ತಿರಲಿಲ್ಲ.

ಈ ಕೊನೆಯ ಸಂಗತಿಯನ್ನು ನೀವು ನೆನಪಿಟ್ಟುಕೊಳ್ಳಬೇಕು. ನಮ್ಮ ಹುಡುಗಿಯರು ದಪ್ಪದ ಮಾತಾಡುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಗ್ಯಾಸ್ ಆಗುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ, ಇವತ್ತು ಸೋಮವಾರ, ನಾಳೆ ಸಂಕಷ್ಟಿ, ಶನಿವಾರ ಹನುಮಪ್ಪನ ಉಪವಾಸ ಎನ್ನುತ್ತಾರೆ. ಒಂದು ವಾರದ ಉಪವಾಸ ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಊಟದ ದಿನಗಳನ್ನೇ ಎಣಿಸಬೇಕಾಗುತ್ತದೆ. ರೋಗನಿರ್ಣಯದ ಅಮೆರಿಕನ್ ಕೈಪಿಡಿ 2013ರಲ್ಲಿ ಪರಿಷ್ಕೃತವಾದಾಗ ದಪ್ಪವಾಗುವ ಭಯವನ್ನು ಬಾಯಿಬಿಟ್ಟು ಹೇಳಲೇಬೇಕೆಂಬ ಕಟ್ಟನ್ನು ಸಡಿಲಿಸಿತು. ತೂಕ ಏರದಂತೆ ಒಂದೇ ಸಮನೆ ನಡೆದುಕೊಂಡರೂ ಸಾಕು ಎಂದಿತು. ಮುಟ್ಟು ನಿಂತಿರಲೇಬೇಕೆಂಬ ನಿಯಮವನ್ನೂ ಕೈಬಿಟ್ಟಿತು. ಗಂಡುಹುಡುಗರಿಗೂ ಈ ರೋಗ ಬರುತ್ತದಲ್ಲ!

ಇನ್ನೊಂದು ತೊಡಕು ನಮ್ಮದೇ. ಅಪೌಷ್ಟಿಕತೆಗೆ ಹೆಸರಾದ ಜಿಲ್ಲೆ ಇದು. ತೆಳ್ಳಗಿನ, ರಕ್ತಹೀನ ಹುಡುಗಿ ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕಬ್ಬಿಣದ ಗುಳಿಗೆ, ಜಂತುಹುಳದ ಗುಳಿಗೆ ಕೊಟ್ಟು ಕಳಿಸಿದರೆ ಮುಗಿಯಿತು. ಹಾಗಾದರೆ ಬಡತನದ ತೆಳುವು ಯಾವುದು, ಈ ರೋಗದ ತೆಳುವು ಯಾವುದು? ಬಡ ಮನೆಯ ಹುಡುಗಿಗೆ ತಾಟಿನಲ್ಲಿ ಹೋಳಿಗೆ ಬಿದ್ದರೆ ಉಣ್ಣುತ್ತಾಳೆ. ಈ ಹುಡುಗಿ ಎಳ್ಳ ಅಮವಾಸ್ಯೆಯ ದಿನ ಹೊಲದಲ್ಲಿ ಎಲ್ಲರ ಜೊತೆ ಕೂತೂ ಸಜ್ಜಿ ರೊಟ್ಟಿಯ ತುಣುಕನ್ನು ಭಜ್ಜಿ ಪಲ್ಯದಲ್ಲಿ ಹೊರಳಿಸುತ್ತಲೇ ಇರುತ್ತಾಳೆ. ಮೊದಲು ಇದ್ದ ತೂಕ ಬೇಗ ಬೇಗ ಇಳಿಯುತ್ತದೆ. ಕೈಕಾಲು ತಣ್ಣಗಿರುತ್ತವೆ, ಬೇಸಿಗೆಯಲ್ಲೂ ಹೊದೆಯುತ್ತಾಳೆ. ತಲೆಗೂದಲು ಉದುರುತ್ತದೆ, ಬೆನ್ನು ತೋಳುಗಳ ಮೇಲೆ ನವಿರಾದ ಕೂದಲು ಬರುತ್ತದೆ. ನಾಡಿ ನಿಧಾನವಾಗುತ್ತದೆ. ವಿಚಿತ್ರವೆಂದರೆ ಇಷ್ಟಾದರೂ ಸುಮ್ಮನೆ ಕೂರುವುದಿಲ್ಲ. ನಡೆಯುತ್ತಾಳೆ, ಓದುತ್ತಾಳೆ, ತರಗತಿಯಲ್ಲಿ ಮೊದಲ ಸ್ಥಾನ ಬಿಡುವುದಿಲ್ಲ. ಲೆಕ್ಕಕ್ಕಾಗಿ ಹೇಳುವುದಾದರೆ, 155 ಸೆಂಟಿಮೀಟರ್ ಎತ್ತರದ ಬೆಳೆದ ಹೆಣ್ಣುಮಗಳ ತೂಕ 44 ಕಿಲೋಗಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತೇವೆ. 36ಕ್ಕೆ ಇಳಿದರೆ ಅದು ಪ್ರಾಣಾಪಾಯದ ಹಾದಿ. ಹದಿನೆಂಟರ ಒಳಗಿನವರಿಗೆ ವಯಸ್ಸಿನ ಕೋಷ್ಟಕವನ್ನೇ ನೋಡಬೇಕು.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ಇಂಥ ಹುಡುಗಿ ಎಷ್ಟು ದಿನಕ್ಕೆ ಗುಣವಾಗುತ್ತಾಳೆ? ತಂದೆತಾಯಿ ಕೇಳುವ ಮೊದಲ ಮಾತು ಇದು. ಅವರ ಮನಸ್ಸಿನಲ್ಲಿ ಟೈಫಾಯಿಡ್‌ನ ಲೆಕ್ಕವಿರುತ್ತದೆ, ಹತ್ತು ದಿನ, ಹದಿನೈದು ದಿನ. ಉತ್ತರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೂ ಹೇಳಲೇಬೇಕು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ 95 ಹದಿಹರೆಯದವರನ್ನು 10ರಿಂದ 15 ವರ್ಷ ಹಿಂಬಾಲಿಸಿ 1997ರಲ್ಲಿ ವರದಿ ಮಾಡಿದರು. ನಾಲ್ವರಲ್ಲಿ ಮೂವರು ಪೂರ್ತಿ ಗುಣವಾಗಿದ್ದರು. ಆದರೆ ಅದಕ್ಕೆ ಹಿಡಿದ ಕಾಲ ಸುಮಾರು ಐದರಿಂದ ಆರೂವರೆ ವರ್ಷ. 2002ರಲ್ಲಿ ಸ್ಟೈನ್‌ಹೌಸನ್ ಎಂಬ ತಜ್ಞ 119 ಅಧ್ಯಯನಗಳ 5,590 ರೋಗಿಗಳ ಫಲಿತಾಂಶ ಒಟ್ಟು ಹಾಕಿದರು: ಬದುಕುಳಿದವರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಜನ ಗುಣ, ಮೂರನೇ ಒಂದು ಪಾಲು ಸುಧಾರಣೆ, ಐದನೇ ಒಂದು ಪಾಲು ದೀರ್ಘಕಾಲದ ರೋಗಿಗಳು.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬಾಸ್ಟನ್‌ನಿಂದ 2017ರಲ್ಲಿ ಬಂದ ವರದಿ. ಅಲ್ಲಿ ಒಂದಿಡೀ ವರ್ಷ ಲಕ್ಷಣಗಳಿಲ್ಲದೆ ಕಳೆದವರನ್ನು ಮಾತ್ರ ಗುಣವಾದವರೆಂದು ಎಣಿಸಿದರು. ಒಂಬತ್ತನೇ ವರ್ಷದಲ್ಲಿ ನೋಡಿದಾಗ ಅನೋರೆಕ್ಸಿಯಾ ರೋಗಿಗಳಲ್ಲಿ ನೂರಕ್ಕೆ 31 ಮಂದಿ ಮಾತ್ರ ಗುಣವಾಗಿದ್ದರು. ಅಲ್ಲಿಗೇ ಪುಸ್ತಕ ಮುಚ್ಚಿದ್ದರೆ "ಇದು ವಾಸಿಯಾಗದ ರೋಗ" ಎಂದು ಬರೆಯಬಹುದಿತ್ತು. ಇಪ್ಪತ್ತೆರಡನೇ ವರ್ಷದ ಸುಮಾರಿಗೆ ಮತ್ತೆ ನೋಡಿದರು. ನೂರಕ್ಕೆ 63! ಒಂಬತ್ತು ವರ್ಷಕ್ಕೂ ಗುಣವಾಗದೆ ಉಳಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಆಮೇಲೆ ಗುಣವಾಗಿದ್ದರು. ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಹದಿಹರೆಯದಲ್ಲಿ ರೋಗ ಬಂದ 51 ಜನರನ್ನು ಮೂವತ್ತು ವರ್ಷಗಳ ನಂತರ ಪರೀಕ್ಷಿಸಿದಾಗಲೂ (ವರದಿ 2020ರದು) ನೂರಕ್ಕೆ 64ರಷ್ಟು ಮಂದಿ ಊಟದ ಕಾಯಿಲೆಯಿಂದ ಪೂರ್ತಿ ಹೊರಬಂದಿದ್ದರು, ಒಬ್ಬರೂ ಸತ್ತಿರಲಿಲ್ಲ. ಆದರೆ ಐವರಲ್ಲಿ ಒಬ್ಬರಿಗೆ ಆಗಲೂ ಊಟದ ಕಾಯಿಲೆ ಇತ್ತು. ಹತ್ತು ವರ್ಷ ನರಳಿದ ಮಗಳ ಬಗ್ಗೆ "ಇನ್ನು ಇವಳ ಹಣೆಬರಹ ಇಷ್ಟೇ" ಎಂದು ಕೈಬಿಟ್ಟವರು ಈ ಲೆಕ್ಕ ನೋಡಲಿ.

ಅದಿರಲಿ, ಕೆಲವರು ಬೇಗ ಗುಣವಾಗುತ್ತಾರೆ, ಕೆಲವರು ಇಲ್ಲ. ಯಾಕೆ? ಅತಿ ಸ್ಪಷ್ಟವಾದ ಕಾರಣ ಕಾಲ. ರೋಗ ಶುರುವಾಗಿ ಮೂರು ವರ್ಷದೊಳಗೆ ಚಿಕಿತ್ಸೆಗೆ ಬಂದವರ ಹಾದಿ ಸುಲಭ. ಬಹಳ ಇಳಿದ ತೂಕ, ಕದ್ದು ವಾಂತಿ ಮಾಡುವ ಅಥವಾ ಭೇದಿ ಗುಳಿಗೆ ನುಂಗುವ ಅಭ್ಯಾಸ, ಜೊತೆಗೆ ಖಿನ್ನತೆ ಅಥವಾ ಗೀಳು ರೋಗ, ಇವಿದ್ದರೆ ಹಾದಿ ಉದ್ದ.

ಎರಡನೆಯದು ತೂಕ. ಎರಡನೇ ಮಹಾಯುದ್ಧದ ಕಾಲದಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟ. ತೂಕ ಕಾಲು ಭಾಗದಷ್ಟು ಇಳಿಯಿತು. ಆಗ ನಡೆದದ್ದೇನು? ಊಟ ಬಿಟ್ಟು ಬೇರೆ ಯೋಚನೆ ಬಾರದಾಯಿತು. ಅಡುಗೆ ಪುಸ್ತಕ ಕೂಡಿಡತೊಡಗಿದರು. ತಾಟಿನಲ್ಲಿದ್ದುದನ್ನು ತಾಸುಗಟ್ಟಲೆ ಕಲಸುತ್ತ ಕೂತರು. ಸಿಟ್ಟು, ಮಂಕು, ಒಂಟಿತನ. ಇವರಿಗೆ ಮೊದಲು ಯಾವ ಮನೋರೋಗವೂ ಇರಲಿಲ್ಲ, ನೆನಪಿಡಿ. ಉಪವಾಸವೇ ಮಿದುಳನ್ನು ಹೀಗೆ ಮಾಡುತ್ತದೆ. ಉಪವಾಸ ಬಿದ್ದ ಮಿದುಳಿಗೆ ಬುದ್ಧಿ ಹೇಳಿ, ಆಣೆ ಹಾಕಿಸಿ, ಬೈದು, ಅತ್ತು ಪ್ರಯೋಜನವಿಲ್ಲ. ಮೊದಲು ಅನ್ನ, ಆಮೇಲೆ ಮಾತು.

ಅನ್ನ ಎಂದೆ, ಸಲೈನ್ ಎನ್ನಲಿಲ್ಲ. "ಉಣ್ಣಾಕ ಒಲ್ಲೆ ಅಂತಾಳ್ರೀ ಸಾಹೇಬ್ರ, ಎರಡು ಬಾಟಲಿ ಹಚ್ಚಿಬಿಡ್ರಿ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ! ಅರ್ಧ ಲೀಟರಿನ ಐದು ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಹೆಚ್ಚೆಂದರೆ 100 ಕ್ಯಾಲರಿ. ಅರ್ಧ ಜೋಳದ ರೊಟ್ಟಿಯಷ್ಟು. ಒಂದು ಹಿಡಿ ಶೇಂಗಾದಲ್ಲಿ, ಅಂದರೆ 30 ಗ್ರಾಂನಲ್ಲಿ, ಅದಕ್ಕಿಂತ ಹೆಚ್ಚಿದೆ. ಹಸಿವಿನ ಟಾನಿಕ್ಕು, ಹಸಿವಿನ ಗುಳಿಗೆಗಳದ್ದೂ ಇದೇ ಕಥೆ. ಹಸಿವಿನ ಕೊರತೆಯೇ ಇಲ್ಲದವಳಿಗೆ ಹಸಿವು ಹುಟ್ಟಿಸುವುದೇನು? ನನಗೆ ಹೆಚ್ಚು ಬೇಸರ ತರಿಸುವುದು ಮುಟ್ಟು ತರಿಸುವ ಹಾರ್ಮೋನ್ ಗುಳಿಗೆ. ತೂಕ ಇಳಿದಾಗ ದೇಹ ತಾನಾಗಿ ಮುಟ್ಟನ್ನು ನಿಲ್ಲಿಸಿರುತ್ತದೆ, ಅದು ಎಚ್ಚರಿಕೆಯ ಗಂಟೆ. ಗುಳಿಗೆ ಕೊಟ್ಟು ತಿಂಗಳಿಗೊಮ್ಮೆ ರಕ್ತ ಕಾಣಿಸಿದರೆ ಮನೆಯವರು "ಸರಿ ಆತು" ಎಂದು ನಿಶ್ಚಿಂತರಾಗುತ್ತಾರೆ. ಒಳಗೆ ಮೂಳೆ ಸವೆಯುತ್ತಲೇ ಇರುತ್ತದೆ. ಆ ಗುಳಿಗೆ ಮೂಳೆಯನ್ನೂ ಉಳಿಸುವುದಿಲ್ಲ. ತೂಕ ಬಂದರೆ ಮುಟ್ಟು ತಾನಾಗಿ ಬರುತ್ತದೆ, ಕೆಲವೊಮ್ಮೆ ತೂಕ ಬಂದು ಹಲವು ತಿಂಗಳಾದ ಮೇಲೆ.

ಇಲ್ಲೊಂದು ಎಚ್ಚರಿಕೆ ಸೇರಿಸಬೇಕು. ಬಹಳ ಸೊರಗಿದವರಿಗೆ, ವಾರಗಟ್ಟಲೆ ಏನೂ ತಿನ್ನದವರಿಗೆ, ಒಮ್ಮೆಗೇ ಹೊಟ್ಟೆತುಂಬ ಉಣ್ಣಿಸಬಾರದು. ರಕ್ತದಲ್ಲಿಯ ಫಾಸ್ಫೇಟ್, ಪೊಟ್ಯಾಸಿಯಂ ಥಟ್ಟನೆ ಕುಸಿದು ಹೃದಯ ನಿಲ್ಲಬಹುದು. ಎಚ್ಚರದಲ್ಲಿದ್ದಾಗಲೂ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ, ಎದ್ದು ನಿಂತರೆ ಕಣ್ಣು ಕತ್ತಲೆ, ಮೂರ್ಛೆ, ಕಾಲು ಬಾವು, ಕೂತಲ್ಲಿಂದ ಕೈಯೂರದೆ ಏಳಲಾಗದಿರುವುದು, ಇಂಥವರು ಮನೆಯಲ್ಲಿ ಇರಬಾರದು. ಅವರನ್ನು ಆಸ್ಪತ್ರೆಯಲ್ಲಿಟ್ಟು, ರಕ್ತ ಪರೀಕ್ಷೆ ಮಾಡುತ್ತ, ಹಂತ ಹಂತವಾಗಿ ಉಣ್ಣಿಸಬೇಕು.

ಉಳಿದವರಿಗೆ ಮನೆಯೇ ಆಸ್ಪತ್ರೆ. ಇದು ನನ್ನ ಮಾತಲ್ಲ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ತಂಡ 1987ರಲ್ಲಿ ತೋರಿಸಿದ್ದು ಇದನ್ನೇ: ಹದಿನೆಂಟರೊಳಗೆ ರೋಗ ಬಂದು ಮೂರು ವರ್ಷ ದಾಟದ ರೋಗಿಗಳಲ್ಲಿ ಒಬ್ಬರನ್ನೇ ಕೂರಿಸಿ ಮಾತಾಡಿಸುವುದಕ್ಕಿಂತ ತಂದೆತಾಯಿಯನ್ನು ಜೊತೆಗೆ ಸೇರಿಸಿಕೊಂಡು ನೀಡುವ ಚಿಕಿತ್ಸೆಯೇ ಮೇಲು. ಹಾಗೆಂದರೆ ಸ್ವಲ್ಪ ಕಾಲ ಊಟದ ಯಜಮಾನಿಕೆ ಮಗಳದಲ್ಲ, ಅವ್ವ ಅಪ್ಪನದು. ಏನು, ಎಷ್ಟು, ಯಾವಾಗ ಎಂಬುದು ಅವರ ನಿರ್ಧಾರ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ಉಪಾಹಾರ. ಪ್ರತಿ ಸಲ ಒಬ್ಬ ಹಿರಿಯರು ಎದುರಿಗೆ ಕೂತು ತಾವೂ ಉಣ್ಣಬೇಕು, ಊಟವಾದ ಮೇಲೆ ಒಂದು ತಾಸು ಜೊತೆಗಿರಬೇಕು. ನಮ್ಮ ಅಡುಗೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ. ರೊಟ್ಟಿಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೇಲೆ ಎಣ್ಣೆ, ಕೆನೆ ತೆಗೆಯದ ಮೊಸರು, ಹಾಲಿನಲ್ಲಿ ಕಲಸಿದ ಮಾದಲಿ, ಶೇಂಗಾ ಉಂಡಿ. ಪೇಟೆಯ ಪ್ರೋಟೀನ್ ಡಬ್ಬಿಗೆ ಸಾವಿರ ರೂಪಾಯಿ ಸುರಿಯಬೇಕಿಲ್ಲ. ವಾರಕ್ಕೆ ಅರ್ಧ ಕಿಲೋ ಏರಿದರೆ ಮನೆಯ ಮಟ್ಟಿಗೆ ಒಳ್ಳೆಯ ಪ್ರಗತಿ.

ಉಪವಾಸದ ವಿಷಯದಲ್ಲಿ ಕೆಲವರಿಗೆ ಅಳುಕು. ರೋಗಿಗೆ ವ್ರತದ ಕಟ್ಟಿಲ್ಲವೆಂದು ನಮ್ಮ ಹಿರಿಯರೇ ಹೇಳುತ್ತಾರೆ. ರಂಜಾನ್ ರೋಜಾದಲ್ಲೂ ಕಾಯಿಲೆಯವರಿಗೆ ವಿನಾಯಿತಿ ಇದೆ. ಮನೆಯ ಹಿರಿಯರ ಬಾಯಿಂದ ಅಥವಾ ಮಠದ ಅಜ್ಜಾರ ಬಾಯಿಂದ ಈ ಮಾತು ಹೇಳಿಸಿದರೆ ನಾನು ಬರೆದುಕೊಡುವ ಚೀಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅವ್ವ ಅಪ್ಪನೇ ಚಿಕಿತ್ಸೆ ಮಾಡಬೇಕೆಂದರೆ ರೋಗ ಅವರಿಂದಲೇ ಬಂತೆಂದು ಅರ್ಥವಲ್ಲ. ಹಿಂದಿನ ಕಾಲದ ಪುಸ್ತಕಗಳು ತಾಯಂದಿರನ್ನು ಬಹಳ ದೂರಿದವು. 2019ರಲ್ಲಿ ಸುಮಾರು 17,000 ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿದಾಗ ಈ ರೋಗಕ್ಕೆ ಸಂಬಂಧಿಸಿದ ಎಂಟು ತಾಣಗಳು ಸಿಕ್ಕವು. ಕೆಲವು ಎಳೆಗಳು ದೇಹದ ಚಯಾಪಚಯದ ಕಡೆಗೂ ಹೋಗುತ್ತವೆ. ಆದ್ದರಿಂದ "ನೀನೇ ಮುದ್ದು ಮಾಡಿ ಕೆಡಿಸಿದಿ" ಎಂದು ಅತ್ತೆ ಸೊಸೆಯನ್ನು ಬಯ್ಯುವುದು ಬೇಡ. ಬಯ್ಯಿಸಿಕೊಂಡ ತಾಯಿ ಮಗಳ ಎದುರು ಗಟ್ಟಿಯಾಗಿ ಕೂರಲಾರಳು.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಪಿಯುಸಿಗೆ ಹಾಸ್ಟೆಲ್ ಸೇರಿದವಳು ಎಂಟು ತಿಂಗಳಲ್ಲಿ 49 ಕಿಲೋದಿಂದ 37ಕ್ಕೆ ಇಳಿದು ಬಂದಳು. ಅಪ್ಪ ಕಾಲುವೆ ನೀರಿನ ಭತ್ತದ ಹೊಲವುಳ್ಳವನು, ಊಟಕ್ಕೆ ಕೊರತೆಯಿಲ್ಲ. ದೃಷ್ಟಿ ತೆಗೆಸಿದ್ದಾಗಿತ್ತು, ಕ್ಷಯದ ಪರೀಕ್ಷೆ ಎರಡು ಸಲ ಆಗಿತ್ತು. ಮನೋವೈದ್ಯರ ಸಲಹೆಯಂತೆ ಮನೆಯಲ್ಲಿಟ್ಟು ಉಣ್ಣಿಸಿದರು. ಅಜ್ಜಿ ದಿನಾ ಎದುರಿಗೆ ಕೂತಳು. ಏಳು ತಿಂಗಳಲ್ಲಿ 46 ಮುಟ್ಟಿತು. ಊರಿಗೆ ಊರೇ "ಈಗ ಗುಂಡಗಾಗೀದಿ ನೋಡು, ಚಂದ ಕಾಣ್ತಿ" ಎಂದಿತು. ಪ್ರೀತಿಯಿಂದಲೇ ಹೇಳಿದ ಮಾತು. ಆ ವಾರದಿಂದ ಮಧ್ಯಾಹ್ನದ ರೊಟ್ಟಿ ಮತ್ತೆ ದನದ ಬಾನಿಗೆ ಬೀಳತೊಡಗಿತು. ಅಜ್ಜಿ ಕಂಡುಹಿಡಿದಿದ್ದರಿಂದ ಎರಡು ಕಿಲೋ ಇಳಿಯುವಷ್ಟರಲ್ಲಿ ಮತ್ತೆ ಬಂದರು. ಹೀಗೆ ಎರಡು ಸಲ ಆಯಿತು. ಈಗ ಐದನೇ ವರ್ಷ. ಪದವಿ ಮುಗಿಸಿದ್ದಾಳೆ, ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣುತ್ತಾಳೆ, ಆದರೆ ಪರೀಕ್ಷೆ ಹತ್ತಿರ ಬಂದರೆ ತಟ್ಟೆ ಹಗುರವಾಗುತ್ತದೆ ಎಂದು ಅವಳೇ ಹೇಳುತ್ತಾಳೆ. ಅವಳೇ ಹೇಳುತ್ತಾಳೆ ಎಂಬುದನ್ನು ನಾನು ಬಹಳ ದೊಡ್ಡದಾಗಿ ಎಣಿಸುತ್ತೇನೆ.

ಅಂದರೆ ತೂಕ ಬಂದದ್ದು ಚಿಕಿತ್ಸೆಯ ಅರ್ಧ. ಮರುಕಳಿಸುವ ಅಪಾಯ ಹೆಚ್ಚಿರುವುದು ತೂಕ ಬಂದ ಮೇಲಿನ ಮೊದಲ ವರ್ಷದಲ್ಲಿ, ಎಲ್ಲರೂ ನಿಶ್ಚಿಂತರಾಗುವ ಅದೇ ವರ್ಷದಲ್ಲಿ. ದೇಹ ಮೊದಲು ಚೇತರಿಸುತ್ತದೆ, ಊಟದ ನಡವಳಿಕೆ ಆಮೇಲೆ, ತೂಕ ದೇಹಗಳ ಬಗೆಗಿನ ಯೋಚನೆ ಎಲ್ಲಕ್ಕಿಂತ ಕೊನೆಗೆ. ಈ ನಡುಗಾಲದಲ್ಲಿ ಬಲವಂತ ಕಡಿಮೆಯಾಗಿ ಊಟದ ಯಜಮಾನಿಕೆ ಮೆಲ್ಲಗೆ ಅವಳ ಕೈಗೆ ಹೋಗಬೇಕು, ಆದರೆ ತಕ್ಕಡಿ ನಿಲ್ಲಬಾರದು. ಹದಿನೈದು ದಿನಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮನೆಯಲ್ಲಿ ಬೇಡ, ಆಸ್ಪತ್ರೆಯಲ್ಲಿ ನರ್ಸಮ್ಮ ತೂಗಲಿ. ಮನೆಯಲ್ಲಿ ತಕ್ಕಡಿ ಇದ್ದರೆ ಅವಳು ದಿನಕ್ಕೆ ಹತ್ತು ಸಲ ಹತ್ತುತ್ತಾಳೆ. ಹಾಸ್ಟೆಲ್ಲಿಗೆ ಮರಳುವ ಮಾತು ಕನಿಷ್ಠ ಕೆಲವು ತಿಂಗಳು ತೂಕ ನಿಂತ ಮೇಲೆ. ಮೊಬೈಲಿನಲ್ಲಿ "ಹದಿನೈದು ದಿನದಲ್ಲಿ ಹತ್ತು ಕಿಲೋ" ಎಂಬ ರೀಲ್ಸ್ ಬಿದ್ದರೆ ಒಂದು ನೋಡಿದವಳಿಗೆ ನೂರು ಬರುತ್ತವೆ. ಅದನ್ನು ಜೊತೆಗೆ ಕೂತು ತೆಗೆಸಬೇಕು. ಮೈಯ ಬಗ್ಗೆ ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. ಔಷಧಿಯಿಂದ ಆಗುವುದು ಅಲ್ಪ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಗುಳಿಗೆ ತೂಕ ಬಂದವರಲ್ಲಿ ಮರುಕಳಿಕೆ ತಡೆಯುವುದಿಲ್ಲವೆಂದು 2006ರ ಅಧ್ಯಯನ ಹೇಳಿತು. ಜೊತೆಗಿರುವ ಖಿನ್ನತೆಗೆ ಮಾತ್ರ ಮನೋವೈದ್ಯರು ಕೊಟ್ಟರೆ ತಪ್ಪದೆ ಕೊಡಿ.

ಮದುವೆಯ ವಿಚಾರ ಬಿಡುವಂತಿಲ್ಲ. "ಲಗ್ನ ಮಾಡಿದರ ಎಲ್ಲಾ ಸರಿಹೋಗ್ತದ" ಎಂಬ ಸಲಹೆ ಕೊಡಲು ಸೋದರಮಾವ ಮೊದಲಾಗಿ ಎಲ್ಲರೂ ಸಿದ್ಧ. ಇದನ್ನು ನಾನು ಕಡ್ಡಿ ಮುರಿದಂತೆ ವಿರೋಧಿಸುತ್ತೇನೆ. ಹದಿನೆಂಟರೊಳಗಾದರೆ ಕಾನೂನಿನ ಅಪರಾಧ, ಅದು ಬೇರೆ ಮಾತು. ಹದಿನೆಂಟು ದಾಟಿದವಳಿಗೂ ಹೊಸ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಕೊನೆಗೆ ಉಣ್ಣುವ ಪದ್ಧತಿ ಇದ್ದರೆ, ಅವಳು ಉಂಡಳೋ ಇಲ್ಲವೋ ನೋಡುವವರು ಯಾರು? ಈ ರೋಗಕ್ಕೆ ಅದಕ್ಕಿಂತ ಒಳ್ಳೆಯ ಅಡಗುತಾಣ ಇನ್ನೊಂದಿಲ್ಲ. ಆಮೇಲೆ ಮುಟ್ಟಿಲ್ಲ, ಮಕ್ಕಳಿಲ್ಲ ಎಂಬ ಹಂಗಣೆ. ಗುಣವಾದ ಮೇಲೆ, ಅವಳೇ ಒಪ್ಪಿ ಮಾಡಿಕೊಂಡರೆ ಅಡ್ಡಿಯಿಲ್ಲ. ಗುಣವಾದ ಹೆಚ್ಚಿನವರಿಗೆ ಮಕ್ಕಳೂ ಆಗುತ್ತವೆ. ಬಸುರಿ ಬಾಣಂತನದಲ್ಲಿ ಮಾತ್ರ ಡಾಕ್ಟರಿಗೆ ಹಳೆಯ ಕಾಯಿಲೆಯ ವಿಷಯ ಮುಚ್ಚಿಡಬೇಡಿ.

ಸಾವಿನ ಮಾತನ್ನೂ ಹೇಳಬೇಕು. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೊಂದು. ಅನೇಕ ಅಧ್ಯಯನಗಳನ್ನು ಸೇರಿಸಿ 2011ರಲ್ಲಿ ಮಾಡಿದ ಲೆಕ್ಕದಲ್ಲಿ, ಸತ್ತವರಲ್ಲಿ ಐವರಿಗೆ ಒಬ್ಬರು ಆತ್ಮಹತ್ಯೆಯಿಂದ ಸತ್ತಿದ್ದರು. "ನಾನು ಇದ್ದು ಏನು ಮಾಡಲಿ" ಎಂಬ ಮಾತು ಬಾಯಿಂದ ಬಂದರೆ ಅದನ್ನು ನಾಟಕ ಎನ್ನಬೇಡಿ. ಅಂದು ಅವಳನ್ನು ಒಬ್ಬಳನ್ನೇ ಬಿಡಬೇಡಿ, ಮನೆಯಲ್ಲಿರುವ ಹೊಲದ ಕ್ರಿಮಿನಾಶಕಕ್ಕೆ ಬೀಗ ಹಾಕಿ, ಅಂದೇ ವೈದ್ಯರ ಬಳಿ ಬನ್ನಿ.

ಎಲ್ಲಿಗೆ ಹೋಗಬೇಕು? ಊಟದ ಕಾಯಿಲೆಗೆಂದೇ ಮೀಸಲಾದ ಕೇಂದ್ರ ನಮ್ಮ ಸುತ್ತಮುತ್ತ ನನಗೆ ಕಂಡಿಲ್ಲ. ಕಲಬುರಗಿ ನಮಗೆ ನೂರು ಕಿಲೋಮೀಟರಿಗೂ ಹೆಚ್ಚು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇನ್ನೂ ದೂರ. ವಾರವಾರ ಅಷ್ಟು ದೂರ ಯಾರಿಂದಾದೀತು? ಬೀಜದ ಕಾಲದಲ್ಲಂತೂ ಅಪ್ಪ ಹೊಲ ಬಿಟ್ಟು ಬರುವುದಿಲ್ಲ. ಆದ್ದರಿಂದ ಕೆಲಸ ಹಂಚಿಕೊಳ್ಳುವುದೇ ಲೇಸು. ಮೊದಲ ಪರೀಕ್ಷೆ, ತೂಕ, ನಾಡಿ, ರಕ್ತ ಇಲ್ಲಿಯ ವೈದ್ಯರಲ್ಲಿ ಅಥವಾ ಸುರಪುರದ ತಾಲೂಕು ಆಸ್ಪತ್ರೆಯಲ್ಲಿ. ರೋಗನಿರ್ಣಯಕ್ಕೆ, ಚಿಕಿತ್ಸೆಯ ಯೋಜನೆಗೆ ಯಾದಗಿರಿಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು. ನಡುವೆ ದಿಕ್ಕು ತೋಚದಿದ್ದರೆ ಟೆಲಿ-ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಒಂದು ಹಾಳೆಯಲ್ಲಿ ಕಳೆದ ವರ್ಷದ ತೂಕ, ಈಗಿನ ತೂಕ, ಎತ್ತರ, ಕೊನೆಯ ಮುಟ್ಟಿನ ದಿನಾಂಕ, ಈಗಾಗಲೇ ಆದ ಪರೀಕ್ಷೆಗಳು, ನುಂಗಿದ ಗುಳಿಗೆಗಳ ಖಾಲಿ ಪಟ್ಟಿ, ಮೂರು ದಿನ ಅವಳು ನಿಜವಾಗಿ ಉಂಡದ್ದೇನು ಎಂಬುದನ್ನು ಬರೆದುಕೊಂಡು ಹೋಗಿ. ನೀವು ಬಡಿಸಿದ್ದನ್ನಲ್ಲ, ಅವಳು ಉಂಡದ್ದನ್ನು.